ಅಶೋಕ ಸಿದ್ದಾಪುರ: ಚಿನ್ನ ಹಗರಿಯ ದಂಡೆಯ ನೆಲ

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರಕ್ಕೆ ಹೊರಗಿನಿಂದ ಬರುವವರಲ್ಲಿ ಹೆಚ್ಚಿನವರು ಬರುವುದು ಬಂಡೆ ನೋಡಲಿಕ್ಕೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿಯೂ ಪಕ್ಕದ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿಯೂ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಅಲ್ಲಿಂದಾಚೆಗೆ ಇದು ಅಶೋಕ ಸಿದ್ದಾಪುರವಾಯಿತು. ಬ್ರಹ್ಮಗಿರಿಯ ಬಂಡೆಗೆ ಅಕ್ಷರಗುಂಡು ಎಂದು ಹೆಸರು. ಸಿದ್ದಾಪುರದ ಬಂಡೆ ಎಮ್ಮೆ ಕಾಯುವ ತಿಮ್ಮಯ್ಯನ ಹೆಸರಿನದು. ಶಾಸನ ನೋಡಿ, ಫೋಟೊ ತೆಗೆದುಕೊಂಡು, ಬಂದವರು ಹೊರಟುಬಿಡುತ್ತಾರೆ. ಊರಿನ ಮಗ್ಗುಲಲ್ಲೇ ಇರುವ ಹೊಳೆಯನ್ನು ನೋಡುವವರು ಕಡಿಮೆ.

ಅದು ಚಿನ್ನ ಹಗರಿ. ಜನಗಹಳ್ಳ ಎಂದೂ ಕರೆಯುತ್ತಾರೆ. ಶಾಸನದಲ್ಲಿ ಬರುವ ಇಸಿಲ ಪಟ್ಟಣ ಇದ್ದದ್ದು ಇಲ್ಲಿ, ಬ್ರಹ್ಮಗಿರಿಯ ಬುಡದಲ್ಲಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ನಯಗೊಳಿಸಿದ ಕಲ್ಲುಕೊಡಲಿಯ ಕಾಲದಿಂದ ಹಿಡಿದು ಬೃಹತ್ ಶಿಲಾಸಮಾಧಿ, ಶಾತವಾಹನರ ಕಾಲದವರೆಗೆ ಜನ ಬದುಕಿದ ಕುರುಹುಗಳು ಪದರ ಪದರವಾಗಿ ಸಿಕ್ಕವು. ಇಷ್ಟು ಕಡಿಮೆ ಮಳೆಯ ಸೀಮೆಯಲ್ಲಿ ಅಷ್ಟು ಕಾಲ ಜನ ನೆಲೆ ನಿಂತದ್ದಕ್ಕೆ ಹೊಳೆಯ ದಂಡೆಯ ಮಣ್ಣು ದೊಡ್ಡ ಕಾರಣವೆಂದು ನನಗನ್ನಿಸುತ್ತದೆ. ಈಗ ಕಾಪಾಡಿಕೊಳ್ಳಬೇಕಾಗಿರುವುದೂ ಅದೇ ಮಣ್ಣನ್ನು.

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಇವೆ. ವರ್ಷದ ಬಹುಪಾಲು ಹೊಳೆಯೆಂದರೆ ಮರಳು, ನಡುನಡುವೆ ಬಳ್ಳಾರಿ ಜಾಲಿ. ನೀರು ಕಾಣದೆ ನಾಲ್ಕಾರು ವರ್ಷ ಕಳೆದರೆ ಹೊಲದ ಬದು ಮೆಲ್ಲಗೆ ಹೊಳೆಯೊಳಕ್ಕೆ ಸರಿಯುತ್ತದೆ. ಮರಳು ತೆಗೆದ ಗುಂಡಿಗಳು ಹಾಗೇ ಬಾಯ್ತೆರೆದುಕೊಂಡಿರುತ್ತವೆ. ಆಮೇಲೊಂದು ವರ್ಷ ಹಿಂಗಾರು ಜೋರಾಗಿ, ಕೆರೆಗಳೆಲ್ಲ ಒಟ್ಟಿಗೆ ಕೋಡಿ ಬಿದ್ದರೆ, ಕೆಂಪು ನೀರು ಬಂದು ತನ್ನ ಹಳೆಯ ಜಾಗ ಕೇಳುತ್ತದೆ. ಜಾಲಿಯ ಮೆಳೆಗೆ ಕಸಕಡ್ಡಿ ಸಿಕ್ಕಿ ಅಡ್ಡಗಟ್ಟೆಯಾಗುತ್ತದೆ, ಪ್ರವಾಹ ಪಕ್ಕಕ್ಕೆ ತಿರುಗಿ ದಂಡೆಯನ್ನು ಕೊರೆಯುತ್ತದೆ.

ಇದೇ ಸೀಮೆಯ ದೊಡ್ಡ ಹೊಳೆ ವೇದಾವತಿ 2022ರಲ್ಲಿ ಇದನ್ನೇ ದೊಡ್ಡದಾಗಿ ತೋರಿಸಿತು. ಅದಕ್ಕೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ, 89 ವರ್ಷಗಳ ಬಳಿಕ, ಆ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು. ಹಿರಿಯೂರಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು. ಕೆಳಗೆ ಚಳ್ಳಕೆರೆ ತಾಲ್ಲೂಕಿನ ಹೊಳೆಸಾಲಿನ ಜಮೀನುಗಳಿಗೂ ಹರಿಯಿತು. ಎರಡು ತಲೆಮಾರು ಸಾಗರದ ಕೋಡಿ ಹರಿದದ್ದನ್ನೇ ಕಂಡಿರಲಿಲ್ಲ.

ನೆರೆ ಇಳಿದ ಮೇಲೆ ಹೊಲದಲ್ಲಿ ನಿಂತು ನೋಡಬೇಕು. ಮೇಲೆ ಬಿಳಿ ಮರಳು, ಬಿಸಿಲಿಗೆ ಒಣಗಿ ಕಾಲಡಿ ಜಾರುತ್ತದೆ. ಗುದ್ದಲಿಯಿಂದ ಗೇಣುದ್ದ ತೋಡಿದರೆ ಮಸಿಯಂಥ ಒದ್ದೆ ಗೋಡು. ಅದರಡಿ ಶೇಂಗಾ ಬಳ್ಳಿ ಕಾಯಿ ಸಮೇತ ಕೊಳೆತು ಅಂಟಿಕೊಂಡಿರುತ್ತದೆ. ಅದಕ್ಕೂ ಕೆಳಗೆ ಹಳೆಯ ಕೆಂಪು ಮಣ್ಣು. ಆ ಮಣ್ಣು ಮತ್ತೆ ಮೇಲೆ ಬರಬೇಕಾದರೆ ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ, ಒಂದು ಹಂಗಾಮು ಮೂರೂ ಹೋಗುತ್ತವೆ.

ಸರ್ಕಾರದ ವಿಪತ್ತು ಪರಿಹಾರದ 2022–26ರ ಮಾನದಂಡ ಹೀಗಿತ್ತು: ಹೊಲದ ಮೇಲೆ ಕೂತ ಮರಳು ಅಥವಾ ಹೂಳು ಮೂರು ಅಂಗುಲಕ್ಕಿಂತ ದಪ್ಪವಿದ್ದರೆ ಅದನ್ನು ತೆಗೆಸಲು ಹೆಕ್ಟೇರಿಗೆ 18,000 ರೂಪಾಯಿ, ಹೊಳೆ ದಿಕ್ಕು ಬದಲಿಸಿ ಜಮೀನೇ ಕೊಚ್ಚಿಹೋದರೆ ಹೆಕ್ಟೇರಿಗೆ 47,000, ಅದೂ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಮಾತ್ರ. ಬಂದಷ್ಟು ಬರಲಿ. ಆದರೆ ಈ ಹಣ ಲೆಕ್ಕ ಹಾಕುವುದು ಒಬ್ಬೊಬ್ಬರ ಪಹಣಿ ಹಿಡಿದು. ದಂಡೆ ಪಹಣಿ ನೋಡಿ ಕುಸಿಯುವುದಿಲ್ಲ. ಒಬ್ಬರು ಸಾಲ ಮಾಡಿ ತಮ್ಮ ಹೊಲಕ್ಕೆ ಕಲ್ಲಿನ ಕಟ್ಟೆ ಕಟ್ಟಿಸಿಕೊಂಡರೆ ಹೊಡೆತ ಎದುರು ದಂಡೆಗೋ ಕೆಳಗಿನ ಹೊಲಕ್ಕೋ ಹೋಗುತ್ತದೆ. ಆದ್ದರಿಂದ ಊರು ಸೇರಿ ಮಾಡಿದರಷ್ಟೇ ಇದು ಆಗುವ ಕೆಲಸ.

ಊರು ಸೇರಿದ ಉದಾಹರಣೆ ಈ ಜಿಲ್ಲೆಗೆ ಹೊಸದೇನಲ್ಲ. ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ಚಿತ್ರದುರ್ಗದಲ್ಲೂ ನಡೆಯಿತು. ರೈತರ ಗುಂಪುಗಳೇ ಕೂತು ಎಲ್ಲಿ ಬದು, ಎಲ್ಲಿ ಕೊರಕಲಿಗೆ ಕಲ್ಲುತಡೆ ಎಂದು ತೀರ್ಮಾನಿಸುವುದು ಅದರ ಕ್ರಮವಾಗಿತ್ತು. ವೇದಾವತಿಯ ಮೇಲ್ಭಾಗದಲ್ಲಿ ಆರ್ಟ್ ಆಫ್ ಲಿವಿಂಗ್‌ನವರು ಉದ್ಯೋಗ ಖಾತ್ರಿ ಕೂಲಿಯ ಜೊತೆ ಸೇರಿ ಹಳ್ಳಗಳಿಗೆ ಕಲ್ಲುತಡೆ, ಇಂಗುಬಾವಿ ಮಾಡಿಸಿದರು. ಎರಡರಲ್ಲೂ ನನಗೆ ಮುಖ್ಯವಾಗಿ ಕಂಡದ್ದು ಒಂದೇ ಸಂಗತಿ: ಕೆಲಸ ಹೊಳೆಯ ಅಂಚಿನಿಂದ ಶುರುವಾಗಲಿಲ್ಲ, ಮೇಲಿನ ಹಳ್ಳಗಳಿಂದ ಶುರುವಾಯಿತು. ಗುಡ್ಡದ ನೀರು ಅಲ್ಲಲ್ಲೇ ತಡೆದು ನಿಂತು ಇಳಿದರೆ ಕೆಳಗಿನ ದಂಡೆಗೆ ಅರ್ಧ ಭಾರ ಕಡಿಮೆ.

ದಂಡೆ ಹಿಡಿದು ನಿಲ್ಲಿಸಲು ಸಿಮೆಂಟೇ ಬೇಕೆಂದಿಲ್ಲ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಅಂಚಿಗೆ ಲಾವಂಚದ ಸಾಲು ನೆಟ್ಟು ಮಣ್ಣು ಕಾಯುತ್ತಿದ್ದುದನ್ನು 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಗಮನಿಸಿದರು. ನೂರು ವರ್ಷಕ್ಕೂ ಹಳೆಯ ಆ ರೂಢಿ ಅಲ್ಲಿಂದ ಹಲವು ದೇಶಗಳಿಗೆ ಹೋಯಿತು. ಬುಡಗಳನ್ನು ನಾಲ್ಕೈದು ಅಂಗುಲ ಬಿಟ್ಟು ಸಾಲಾಗಿ ನೆಟ್ಟರೆ ಬೇರು ಹತ್ತು ಅಡಿಯವರೆಗೂ ನೇರ ಕೆಳಗಿಳಿಯುತ್ತದೆ. ಬಲಿತ ಗರಿಯನ್ನು ದನ ಅಷ್ಟಾಗಿ ಮೇಯುವುದಿಲ್ಲ. ಅದರ ಹಿಂದೆ ಹೊಂಗೆ, ಹೊಳೆಮತ್ತಿ, ನೇರಳೆ. ಸಸಿ ಎದ್ದು ನಿಲ್ಲುವವರೆಗೆ ಎರಡು ಮೂರು ವರ್ಷ ಕುರಿ, ದನ ಆ ಪಟ್ಟಿಗೆ ಇಳಿಯಬಾರದು. ಈ ಸೀಮೆಯಲ್ಲಿ ಅದು ಸುಲಭದ ಮಾತಲ್ಲ. ಕುರಿಹಟ್ಟಿಗಳಿವೆ, ಮ್ಯಾಸನಾಯಕರ ದೇವರ ಎತ್ತುಗಳಿವೆ, ಅವಕ್ಕೆ ಮೇವು ಬೇಕು. ಆ ಎತ್ತು ಕಾಯುವ ಕಿಲಾರಿಗಳನ್ನೂ ಕುರಿಗಾರರನ್ನೂ ಕೂರಿಸಿಕೊಳ್ಳದೆ ಬೇಲಿ ಹಾಕಿದರೆ ಬೇಲಿ ಉಳಿಯುವುದಿಲ್ಲ, ಉಳಿಯಲೂಬಾರದು.

ಹಾಗೆ ನೋಡಿದರೆ ಹೊಳೆಯನ್ನು ಮರೆಯದೆ ಇಟ್ಟುಕೊಂಡವರು ಅವರೇ. ಮ್ಯಾಸನಾಯಕರು, ಕಾಡುಗೊಲ್ಲರು ತಮ್ಮ ದೇವರುಗಳನ್ನು ಹೊಳೆಗೆ ಕರೆತಂದು ಗಂಗೆಪೂಜೆ ಮಾಡುತ್ತಾರೆ. ನೀರು ಹರಿಯದ ಕಾಲದಲ್ಲಿ ಮರಳು ತೋಡಿ ಒರತೆಯ ನೀರು ತೆಗೆಯುವುದು ಈ ಕಡೆಯ ಹಳೆಯ ರೂಢಿ. ಮರಳು ಲಾರಿ ಹತ್ತಿ ಹೋದರೆ ಆ ಒರತೆಯೂ ಹೋಗುತ್ತದೆ, ದಂಡೆಯ ಬುಡವೂ ಸಡಿಲಾಗುತ್ತದೆ. ಮರಳು ಸಾಗಣೆಗೆ ಊರಿನವರು ಅಡ್ಡ ನಿಲ್ಲುವುದನ್ನು ದಂಡೆ ರಕ್ಷಣೆಯ ಮೊದಲ ಕೆಲಸವೆಂದೇ ನಾನು ಎಣಿಸುತ್ತೇನೆ.

ಹೊಳೆಯೊಳಕ್ಕೆ ಸರಿದ ಬದುಗಳ ವಿಚಾರವೂ ಇದೆ. ಕಂದಾಯ ದಾಖಲೆಯಲ್ಲಿ ಹಳ್ಳ, ಹೊಳೆಯ ಜಾಗ ‘ಬಿ’ ಖರಾಬು, ಅಂದರೆ ಸಾರ್ವಜನಿಕರದು. ಬೇಸಿಗೆಯಲ್ಲಿ ಸರ್ವೆ ಮಾಡಿಸಿ ಗಡಿಕಲ್ಲು ನೆಡಿಸಲು ಗ್ರಾಮಸಭೆ ಕೇಳಬಹುದು. ಹೊಳೆ ತುಂಬಿದಾಗ ಗಡಿ ಹುಡುಕಿದರೆ ಜಗಳ ಮಾತ್ರ ಸಿಗುತ್ತದೆ.

ಸಿದ್ದಾಪುರಕ್ಕೆ ಮಾತ್ರ ಇನ್ನೊಂದು ಎಚ್ಚರ ಬೇಕು. ಕೊರೆದುಹೋದ ಹೊಲ ತುಂಬಲು ಮಣ್ಣು ಎಲ್ಲಿಂದ ತರುವುದು? ಬ್ರಹ್ಮಗಿರಿಯ ಬುಡದ ದಿಬ್ಬಗಳ ಮಣ್ಣು ಕೈಗೆ ಹತ್ತಿರ, ಆದರೆ ಅದರಲ್ಲಿ ಇಸಿಲದ ಮಡಕೆ ಚೂರುಗಳಿವೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಜೆಸಿಬಿ ಇಳಿಸಿದರೆ ಒಂದು ನಷ್ಟ ತುಂಬಲು ಹೋಗಿ ಮತ್ತೊಂದನ್ನು ಮಾಡಿಕೊಂಡಂತೆ. ಮಣ್ಣು ಬೇಕಾದವರು ಸುತ್ತಲಿನ ಕೆರೆಗಳ ಗೋಡು ಹೊಡೆಯಬಹುದು. ಹೊಲಕ್ಕೆ ಸಾರವುಳ್ಳ ಮಣ್ಣು ಬೀಳುತ್ತದೆ, ಕೆರೆ ಆಳವಾಗುತ್ತದೆ, ಮುಂದಿನ ಮಳೆಗೆ ಅಷ್ಟು ನೀರು ಕೋಡಿ ಹಾರದೆ ಕೆರೆಯಲ್ಲೇ ನಿಲ್ಲುತ್ತದೆ.