ಕುರುಗೋಡಿನ ಫೋನಿನಲ್ಲಿ ತೆರೆಯದ ಪುಟ

ನಮ್ಮ ಮದ್ರಸದ ಬ್ಲಾಗನ್ನು ಕಳೆದ ವರ್ಷ ಚಂದ ಮಾಡಿದೆವು. ದುಡ್ಡು ಕೊಡದೆ ಸಿಗುವ ಬ್ಲಾಗರ್‌ನಲ್ಲಿ ಅದನ್ನು ಇಟ್ಟಿದ್ದೇವೆ. ರಜೆ, ಪರೀಕ್ಷೆ, ವಿದ್ಯಾರ್ಥಿವೇತನದ ವಿವರ ಅದರಲ್ಲಿ ಬರೆದು, ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ಮನೆಗಳಿಗೆ ಕಳಿಸುವುದು ರೂಢಿ. ಬಳ್ಳಾರಿ ನಗರದವರಿಗೆ ಮಾತ್ರವಲ್ಲ, ಸಿರುಗುಪ್ಪ, ಕುರುಗೋಡಿನಲ್ಲಿ ಹೋಟೆಲು, ಬೇಕರಿ ಇಟ್ಟುಕೊಂಡಿರುವ ನಮ್ಮ ಬ್ಯಾರಿ ಮನೆಗಳಿಗೂ ಅದೇ ದಾರಿ. ಹಳೆಯ ಪುಟ ಬೋಳು ಬೋಳಾಗಿ ಕಾಣುತ್ತಿತ್ತು. ಒಂದು ರಾತ್ರಿ ಕೂತು ಯಾವುದೋ ಸೈಟಿನಿಂದ ಬಿಟ್ಟಿ ಟೆಂಪ್ಲೇಟೊಂದನ್ನು ಇಳಿಸಿ ಹಾಕಿದೆವು. ಓಡುವ ಚಿತ್ರಗಳು, ತೇಲಿ ಬರುವ ಅಕ್ಷರಗಳು. ನೋಡಿದವರೆಲ್ಲ ‘ಮಾಶಾ ಅಲ್ಲಾಹ್’ ಅಂದರು.

ಕುರುಗೋಡಿನ ಒಬ್ಬ ತಂದೆಗೆ ಮಾತ್ರ ಅದು ಕಾಣಲೇ ಇಲ್ಲ. ಅವರ ಮಗಳು ಪಿಯುಸಿ. ವಿದ್ಯಾರ್ಥಿವೇತನದ ಅರ್ಜಿಗೆ ಯಾವ ಯಾವ ಕಾಗದ ಬೇಕು, ಕೊನೆಯ ದಿನ ಯಾವುದು ಎಂದು ಬರೆದಿದ್ದ ಪುಟ ಅದು. ಅವರು ಲಿಂಕ್ ಒತ್ತಿದ್ದಾರೆ. ಬಿಳಿ ಪರದೆಯ ನಡುವೆ ಒಂದು ಚಕ್ರ ತಿರುಗಿದೆ, ತಿರುಗುತ್ತಲೇ ಇದೆ. ನೆಟ್ ಸರಿಯಿಲ್ಲ ಅಂದುಕೊಂಡು ಕೆಲಸಕ್ಕೆ ಹೋಗಿದ್ದಾರೆ. ಕೆಲವು ದಿನ ಬಿಟ್ಟು ಆದಾಯ ಪ್ರಮಾಣಪತ್ರ ಹಿಡಿದು ಬಳ್ಳಾರಿಗೆ ಬಂದಾಗ ಕೊನೆಯ ದಿನ ದಾಟಿತ್ತು. “ಉಸ್ತಾದರೇ, ನೀವು ಕಳಿಸಿದ್ದು ತೆರೀಲೇ ಇಲ್ಲ” ಅಂದರು. ಬೈಯಲಿಲ್ಲ. ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ನಮ್ಮಲ್ಲಿ ಓದಿ ಹೋದ ಹುಡುಗನೊಬ್ಬ ಈಗ ಬಳ್ಳಾರಿಯ ಜೀನ್ಸ್ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾನೆ. ಅವನ ಕೈಗೆ ಆ ಫೋನ್ ಕೊಟ್ಟೆವು. ಆಂಡ್ರಾಯ್ಡ್ 6ರ ಫೋನು. ಮದುವೆಯ ವಿಡಿಯೊಗಳಿಂದ ಜಾಗವೆಲ್ಲ ತುಂಬಿ, ಬ್ರೌಸರು ವರ್ಷಗಟ್ಟಲೆ ಅಪ್‌ಡೇಟ್ ಆಗಿರಲಿಲ್ಲ. ಅವನು ವಿವರಿಸಿದ್ದು ಹೀಗೆ: ಟೆಂಪ್ಲೇಟಿನಲ್ಲಿ ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಸಾಲುಗಳಿರುತ್ತವೆ. ಆ ಸಾಲುಗಳು ಓಡಿ ಮುಗಿಯುವ ತನಕ ತಿರುಗುವ ಚಕ್ರದ ಪರದೆ ಪುಟವನ್ನು ಮುಚ್ಚಿಕೊಂಡಿರುತ್ತದೆ. ಹೊಸ ರೀತಿಯಲ್ಲಿ ಬರೆದ ಒಂದು ಸಾಲು ಹಳೆಯ ಬ್ರೌಸರಿಗೆ ಅರ್ಥವಾಗದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ. ಪರದೆ ಸರಿಯುವುದೇ ಇಲ್ಲ. ನಾವು ಬರೆದ ಕನ್ನಡ ಅಷ್ಟೂ ಆ ಪರದೆಯ ಹಿಂದೆ ಇತ್ತು!

“ತಪ್ಪು ಫೋನಿನದ್ದು, ಅವರು ಹೊಸದು ತಗೊಳ್ಳಲಿ ಉಸ್ತಾದರೇ” ಅಂದ ಹುಡುಗ. ಅವನ ಕಸುಬಿನವರ ಈ ಸಿಟ್ಟಿಗೆ ಕಾರಣವಿದೆ. 2001ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6, ವಿಂಡೋಸ್ ಎಕ್ಸ್‌ಪಿಯ ಜತೆ ಊರೂರಿಗೆ ಹೋಯಿತು. ಉಳಿದ ಬ್ರೌಸರುಗಳು ಮುಂದೆ ಹೋದರೂ ಅದು ಕಚೇರಿಗಳಲ್ಲಿ ಹತ್ತು ವರ್ಷ ಕೂತೇ ಇತ್ತು. ಒಂದೇ ಪುಟವನ್ನು ಎಲ್ಲರಿಗೊಮ್ಮೆ, ಅದಕ್ಕೆಂದೇ ಇನ್ನೊಮ್ಮೆ ಬರೆದು ಡೆವಲಪರುಗಳು ಹೈರಾಣಾದರು. 2010ರಲ್ಲಿ ಗೂಗಲ್ ಅದರ ಕೈಬಿಡಲು ಶುರುಮಾಡಿತು. ಮರುವರ್ಷ ಅದನ್ನು ತಯಾರಿಸಿದ ಮೈಕ್ರೋಸಾಫ್ಟೇ ಬಿಟ್ಟುಬಿಡಿ ಎಂದು ಜನರಿಗೆ ಹೇಳಬೇಕಾಯಿತು. ಆ ಬ್ರೌಸರಿನ ಕೊನೆಯ ಆವೃತ್ತಿ 2022ರ ಜೂನ್ 15ಕ್ಕೆ ನಿವೃತ್ತಿಯಾಯಿತು.

ಕನ್ನಡದವರಿಗಂತೂ ಆ ಕಾಲದ ಕಷ್ಟ ಎರಡು ಪಟ್ಟು. ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿ ಇದ್ದರೂ, ಸೆಟ್ಟಿಂಗಿಗೆ ಹೋಗಿ ಒಂದು ಚೌಕಕ್ಕೆ ಗುರುತು ಹಾಕಿ, ವಿಂಡೋಸ್ ಸಿಡಿ ತುರುಕಿದ ಮೇಲೆಯೇ ಒತ್ತಕ್ಷರ ಸರಿ ಕೂರುತ್ತಿದ್ದದ್ದು. ಬಲದಿಂದ ಎಡಕ್ಕೆ ಓದುವ ಅರಬಿಗೂ ಅದೇ ಚೌಕ. ಒಂದು ಗುರುತಿಗೆ ಕನ್ನಡವೂ ಅರಬಿಯೂ ಒಟ್ಟಿಗೆ ಎದ್ದು ನಿಂತ ದಿನ ನಮಗಾದ ಖುಷಿ ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳಿಗೆ ಲೆಕ್ಕದ ತಂತ್ರಾಂಶ, ವೆಬ್‌ಸೈಟು ಮಾಡಿಕೊಡುವ ಇನ್ನೊಬ್ಬರಿದ್ದಾರೆ, ವಯಸ್ಸಿನಲ್ಲಿ ಹಿರಿಯರು. ಅವರ ಮಾತೇ ಬೇರೆ. “ಗಿರಾಕಿಯ ಯಂತ್ರ ಬದಲಿಸುವುದು ನಮ್ಮ ಕೈಲಿಲ್ಲ, ಪುಟ ಬದಲಿಸುವುದು ಇದೆಯಲ್ಲ” ಎನ್ನುತ್ತಾರೆ. ಅಲ್ಲಿನ ನೆಟ್ ಸೆಂಟರೊಂದರಲ್ಲಿ ವಿಂಡೋಸ್ 7 ಇನ್ನೂ ಓಡುತ್ತಿದೆ. ಅದಕ್ಕೆ ಸಿಕ್ಕ ಕೊನೆಯ ಕ್ರೋಮ್ 109. 2023ರ ಫೆಬ್ರವರಿಯಲ್ಲಿ ಬಂದ 110ಕ್ಕೆ ವಿಂಡೋಸ್ 10 ಆದರೂ ಬೇಕು. ಪ್ರಿಂಟು, ಟ್ಯಾಲಿ ಎಲ್ಲ ನಡೆಯುವಾಗ ಅಂಗಡಿಯವರು ಕಂಪ್ಯೂಟರ್ ಯಾಕೆ ಬದಲಿಸುತ್ತಾರೆ? ಆದರೆ ಒಂದು ಮಾತು: ಅಂಥ ಬ್ರೌಸರಿನಲ್ಲಿ ಕಂಡುಬರುವ ಹೊಸ ಕಿಂಡಿಗಳನ್ನು ಯಾರೂ ಮುಚ್ಚುವುದಿಲ್ಲ. ಸುದ್ದಿ ಓದಿ, ಅಡ್ಡಿಯಿಲ್ಲ. ಬ್ಯಾಂಕಿನ ಪಾಸ್‌ವರ್ಡ್ ಒತ್ತಬೇಡಿ.

ಬಿಟ್ಟಿ ಟೆಂಪ್ಲೇಟಿನ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಅಭಿಪ್ರಾಯ. ಬ್ಲಾಗರ್, ವರ್ಡ್‌ಪ್ರೆಸ್‌ನವರೇ ಕೊಡುವುದನ್ನು ಬಳಸಿ, ಸಿಕ್ಕ ಸಿಕ್ಕ ಕಡೆಯಿಂದ ಇಳಿಸಬೇಡಿ ಎನ್ನುತ್ತಾರೆ. ಯಾಕೆಂದು ಹುಡುಗ ತೋರಿಸಿಕೊಟ್ಟ. ನಮ್ಮ ಪುಟದ ಬುಡದಲ್ಲಿ, ಹಿನ್ನೆಲೆಯ ಬಣ್ಣದಲ್ಲೇ ಕಾಣದಂತೆ ಬರೆದ ಒಂದು ಲಿಂಕ್ ಇತ್ತು. ಒತ್ತಿದರೆ ಹೊರದೇಶದ ಜೂಜಿನ ಸೈಟು! ಮದ್ರಸದ ಹೆಸರಿನ ಕೆಳಗೆ ತಿಂಗಳುಗಟ್ಟಲೆ ಅದು ಕೂತಿತ್ತು. ಬಿಟ್ಟಿ ಕೊಟ್ಟವನ ಬಾಡಿಗೆ ಅದು.

ಆ ಟೆಂಪ್ಲೇಟನ್ನು ಅಂದೇ ತೆಗೆದು, ಬ್ಲಾಗರ್‌ನ ‘ಸಿಂಪಲ್’ ಹಾಕಿದೆವು. ಓಡುವ ಚಿತ್ರ ಹೋಯಿತು, ಚಕ್ರವೂ ಹೋಯಿತು. ವಿಷಯವನ್ನು ಫೋಟೊ ಮಾಡಿ ಹಾಕುವುದನ್ನು ಬಿಟ್ಟು ಯೂನಿಕೋಡಿನಲ್ಲಿ ಟೈಪ್ ಮಾಡುತ್ತೇವೆ. ಕೊನೆಯ ದಿನಾಂಕ ಮೊದಲ ಸಾಲಿನಲ್ಲೇ ಇರುತ್ತದೆ, ವಾಟ್ಸ್‌ಆ್ಯಪ್ ಸಂದೇಶದಲ್ಲೂ ಇರುತ್ತದೆ. ಕುರುಗೋಡಿನವರ ಫೋನಿನಿಂದ ಒಂದಷ್ಟು ವಿಡಿಯೊ ಅಳಿಸಿ ಕ್ರೋಮನ್ನು ಅಪ್‌ಡೇಟ್ ಮಾಡಿಕೊಟ್ಟೆವು. ಆಂಡ್ರಾಯ್ಡ್ 6ಕ್ಕೆ ಸಿಗುವುದು 106ರ ತನಕ ಮಾತ್ರ, ಆದರೂ ಮೊದಲಿಗಿಂತ ಎಷ್ಟೋ ವಾಸಿ. ಫೋನಿನ ತಾರೀಕು ತಪ್ಪಾಗಿದ್ದರೂ ‘ಸುರಕ್ಷಿತವಲ್ಲ’ ಎಂದು ಪುಟ ಮುಚ್ಚಿಕೊಳ್ಳುತ್ತದೆ. ನಿಮ್ಮ ಮನೆಯ ಹಿರಿಯರ ಫೋನಿನಲ್ಲಿ ಅದನ್ನೂ ಒಮ್ಮೆ ನೋಡಿಬಿಡಿ.

ಈಗ ಹೊಸ ಪುಟ ಹಾಕಿದರೆ ಎಲ್ಲರಿಗೂ ಕಳಿಸುವ ಮೊದಲು ಕುರುಗೋಡಿಗೊಂದು ಕರೆ ಹೋಗುತ್ತದೆ. “ಬಂತಾ?” ಎಂದು ಕೇಳುತ್ತೇವೆ. ಈ ಸಲ ಅವರ ಮಗಳೇ ಫೋನ್ ಎತ್ತಿಕೊಂಡು ಮೊದಲ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದಳು, ಕೊನೆಯ ದಿನಾಂಕ ಸಮೇತ. ಮರುದಿನವೇ ಬಾಪ, ಮಗಳು ಕಾಗದ ಹಿಡಿದು ಬಳ್ಳಾರಿಯ ಬಸ್ಸು ಹತ್ತಿದರು.