ಬಂದೂಕಿಗೊಂದು ಕವೆ, ಲೇತಿನಿಂದ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳು ಕಣಿವೆಯ ತಳದಲ್ಲಿವೆ, ಸೊಪ್ಪಿನ ಬೆಟ್ಟ ಮೇಲಿದೆ. ಮಂಗ, ಹಂದಿ ಇಳಿದು ಬರುವುದು ಅಲ್ಲಿಂದಲೇ. ಹಾಗಾಗಿ ಬೆಳೆ ರಕ್ಷಣೆಯ ಕೋವಿ ಈ ಸೀಮೆಗೆ ಹೊಸದಲ್ಲ. 4.5 ಮಿ.ಮೀ. ಬೋರಿನ, 20 ಜೌಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಪರವಾನಗಿಯೂ ಬೇಡ. ಅದರಲ್ಲಿ ಗುರಿ ಅಭ್ಯಾಸ ಮಾಡುವವರಿಗೆ ಬೇಗ ಅರಿವಾಗುವುದು ಕೈಯ ನಡುಕ. ಆ ನಡುಕ ತಡೆಯುವ ಎರಡು ಕಾಲಿನ ಆಸರೆಯೇ ಬೈಪಾಡ್. ಕೊಂಡು ತರಬಹುದಾದ ವಸ್ತು ಹೌದು. ಊರಿನ ಲೇತ್ ಅಂಗಡಿಯಲ್ಲಿ ಮಾಡಿಸಬಹುದಾದದ್ದೂ ಹೌದು. ನಾನು ಎರಡನೆಯದರ ಪರ.

ಯೋಚನೆ ಹಳೆಯದು. ಬತ್ತಿ ಹಚ್ಚಿ ಹಾರಿಸುತ್ತಿದ್ದ ಕಾಲದ ಭಾರದ ಬಂದೂಕನ್ನು ಕವೆಗೋಲಿನ ಮೇಲೆ ಊರಿ ಗುರಿ ಹಿಡಿಯುತ್ತಿದ್ದರು. ಮೊಘಲರ ಚಿತ್ರಗಳಲ್ಲೂ ಇಂಥ ಆಸರೆ ಕಾಣುತ್ತದೆ.

ಚಿತ್ರ ಬರೆಯಲು ಕುಳಿತರೆ ಮೊದಲು ಕಣ್ಣಿಗೆ ಬೀಳುವುದು ಕಾಲುಗಳು. ಆದರೆ ಕೆಲಸದ ಸತ್ವ ಇರುವುದು ಕಾಲು ಮಡಚುವ ಕೀಲಿನಲ್ಲಿ. ಕೀಲಿನ ಬಳಿ 20 ಮಿ.ಮೀ. ಅಳತೆಯಲ್ಲಿ 0.1 ಮಿ.ಮೀ. ಸಡಿಲವಿದ್ದರೆ, 200 ಮಿ.ಮೀ. ಉದ್ದದ ಕಾಲಿನ ತುದಿಯಲ್ಲಿ ಅದು 1 ಮಿ.ಮೀ. ಆಗುತ್ತದೆ. ಬಂದೂಕಿನ ಹಿಂತುದಿ ಭುಜಕ್ಕೆ ಒತ್ತಿದ್ದು, ಅರ್ಧ ಮೀಟರ್ ಮುಂದಿನ ಆಸರೆ ಬರೀ ಅರ್ಧ ಮಿ.ಮೀ. ಜರುಗಿತೆನ್ನಿ, 10 ಮೀಟರ್ ದೂರದಲ್ಲಿ ಗುರಿ 1 ಸೆಂ.ಮೀ. ತಪ್ಪುತ್ತದೆ. ಅಂತರರಾಷ್ಟ್ರೀಯ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲವೇ ಅರ್ಧ ಮಿ.ಮೀ.!

ಆದ್ದರಿಂದ ಕೀಲಿನ ತೂತನ್ನು ಡ್ರಿಲ್ಲಿನಲ್ಲೇ ಮುಗಿಸಬಾರದು. ಡ್ರಿಲ್ ಕೊರೆದ ತೂತು ಪೂರ್ತಿ ದುಂಡಗಿರುವುದಿಲ್ಲ. 7.8 ಮಿ.ಮೀ. ಕೊರೆದು, ಆಮೇಲೆ 8 ಮಿ.ಮೀ. ರೀಮರ್ ಹಾಯಿಸಬೇಕು; ಅದಕ್ಕೆ ಸರಿಯಾಗಿ ಇಎನ್8 ಉಕ್ಕಿನ ಪಿನ್ ಟರ್ನಿಂಗ್ ಮಾಡಿ, ಕೂರಿಸಿ ನೋಡಿ, ಮತ್ತೆ ಒಂದೆಳೆ ಸವರಬೇಕು. ಪಂಪಿನ ಶಾಫ್ಟು, ಪವರ್ ಟಿಲ್ಲರ್, ಅಡಿಕೆ ಸುಲಿಯುವ ಯಂತ್ರದ ಬುಶ್ಶು ರಿಪೇರಿ ಮಾಡಿ ಪಳಗಿದ ಕೈಗೆ ಇದು ಹೇಳಿಕೊಡಬೇಕಾದ ವಿದ್ಯೆಯೇ ಅಲ್ಲ.

ಉಳಿದ ಭಾಗಗಳಿಗೆ ಅಲ್ಯೂಮಿನಿಯಂ ಸಾಕು, ತೂಕ ಉಕ್ಕಿನ ಮೂರನೇ ಒಂದು ಪಾಲು. ಆದರೆ ಮಲೆನಾಡಿನ ಮಳೆಯಲ್ಲಿ ಅಲ್ಯೂಮಿನಿಯಂ, ಉಕ್ಕು ಎರಡೂ ಒದ್ದೆಯಾಗಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ತಿಂದು ಹೋಗುತ್ತದೆ, ಗ್ರೀಸ್ ತಪ್ಪಿಸಬಾರದು. ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕೆಳಗೆ ನಿಲ್ಲುವ ನೆಲ ನಮ್ಮದು. ಎರಡೂ ಕಾಲು ಬೇರೆಬೇರೆಯಾಗಿ ಉದ್ದವಾಗಬೇಕು, ಇಲ್ಲವಾದರೆ ಬಂದೂಕು ವಾಲಿ, ಗುಂಡು ವಾಲಿದ ಕಡೆಗೇ ಹೋಗುತ್ತದೆ. ಪಾದ ಅಗಲವಿರಲಿ, ಮಣ್ಣಿನಲ್ಲಿ ಹೂತುಹೋಗುವುದಿಲ್ಲ.

ಸ್ಪ್ರಿಂಗ್ ಏರ್ ರೈಫಲ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ನಳಿಗೆ ಮಡಚಿ ತುಂಬುವ ಬಂದೂಕಿನಲ್ಲಿ ಬೈಪಾಡನ್ನು ನಳಿಗೆಗೆ ಕಟ್ಟಲೇಬಾರದು, ಅದರ ಹಿಂದಿನ ಮರದ ಭಾಗಕ್ಕೇ ಬಿಗಿಯಬೇಕು. ಒಳಗಿನ ಸ್ಪ್ರಿಂಗು ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ಗಟ್ಟಿ ಆಸರೆಯ ಮೇಲೆ ಗುರಿ ಜಾಗ ಬದಲಿಸುತ್ತದೆ. ನಡುವೆ ರಬ್ಬರ್ ಇರಲಿ. ಚರೆ ಹಾರಿಸುವ ತೋಟದ ಕೋವಿಗಂತೂ ಬೈಪಾಡ್ ಅಗತ್ಯವಿಲ್ಲ.

ಪರವಾನಗಿ ಕೋವಿಗೆ ತೂತು ಹೊಡೆಯುವುದು, ವೆಲ್ಡಿಂಗ್ ಮಾಡುವುದು ಬೇಡವೇ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕು ತಯಾರಿಸುವ, ರಿಪೇರಿ ಮಾಡುವ ವೃತ್ತಿಗೇ ಬೇರೆ ಪರವಾನಗಿ ಬೇಕು. ಲೇತ್ ಅಂಗಡಿಯವರನ್ನು ಆ ತೊಂದರೆಗೆ ಸಿಲುಕಿಸಬೇಡಿ. 1972ರ ವನ್ಯಜೀವಿ ಕಾಯ್ದೆಯೂ ನೆನಪಿರಲಿ, ಗುರಿ ಇರಬೇಕಾದದ್ದು ಕಾಗದದ ಹಾಳೆಯ ಮೇಲೆ.

ಆಸರೆಯಿಂದ ಹೊಡೆಯುವುದು ಶೂಟಿಂಗೇ ಅಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತೋಳಿನಲ್ಲಿ ಬಂದೂಕಿನ ಭಾರ ಹೊರಲಾಗದವರಿಗೆಂದು ಪ್ಯಾರಾ ಶೂಟಿಂಗಿನಲ್ಲಿ ಎಸ್‌ಎಚ್2 ವಿಭಾಗವಿದೆ. ಸ್ಪ್ರಿಂಗಿನ ಸ್ಟ್ಯಾಂಡು ತೂಕ ಹೊರುತ್ತದೆ, ಹದ ಹಿಡಿಯುವುದು ಶೂಟರ್‌ನದೇ ಕೆಲಸ. ಇದೇ ವಿಭಾಗದಲ್ಲಿ ಯಲ್ಲಾಪುರದ ನೆರೆಯ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಪರ ಸ್ಪರ್ಧಿಸಿದರು.

ಮಾಡಿಸುವ ಮನಸ್ಸಿದ್ದರೆ ಬರಿಗೈಯಲ್ಲಿ ಹೋಗಬೇಡಿ. ಅಳತೆ ಬರೆದ ನಕ್ಷೆ, ರಟ್ಟಿನಲ್ಲಿ ಕತ್ತರಿಸಿದ ಮಾದರಿ ಒಯ್ಯಿರಿ, ಬಂದೂಕು ಮನೆಯಲ್ಲೇ ಇರಲಿ. ಅಡಿಕೆ ಸುಗ್ಗಿಯಲ್ಲಿ ಅವಸರ ಮಾಡದೆ, ಯಂತ್ರಗಳ ರಿಪೇರಿ ತಗ್ಗಿದ ಮೇಲೆ ಕೇಳಿ; ಕೀಲಿನ ಕೆಲಸಕ್ಕೆ ತಗುಲುವ ಹೊತ್ತಿಗೆ ಚೌಕಾಸಿಯಿಲ್ಲದೆ ದುಡ್ಡು ಕೊಡಿ.