ಮುಕ್ತ ತಂತ್ರಾಂಶಕ್ಕೆ ಹೊರಗಿನವರ ಸೇರ್ಪಡೆ

ಬೀದರ ನಗರದ ಪೇಟೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಅಂಗಡಿಯ ಫಲಕಗಳಲ್ಲಿ ಕನ್ನಡದ ಜೊತೆಗೆ ಉರ್ದುವೂ ಕಣ್ಣಿಗೆ ಬೀಳುತ್ತದೆ. ಭಾಲ್ಕಿ, ಔರಾದಗಳ ಕಡೆಗೆ ಹೊರಟರೆ ಮಾತಿನಲ್ಲಿ ಮರಾಠಿ ಬೆರೆಯುತ್ತದೆ. ಮೂಡಣ ಗಡಿಯ ಹಳ್ಳಿಗಳಲ್ಲಿ ತೆಲುಗೂ ಕೇಳಿಸುತ್ತದೆ. ಇಂಥ ಜಿಲ್ಲೆಯ ಒಂದು ಗ್ರಂಥಾಲಯದಲ್ಲಿ ಗಣಕಯಂತ್ರವೊಂದನ್ನು ಇಟ್ಟರೆ, ಎಡದಿಂದ ಬಲಕ್ಕೆ ಬರೆಯುವ ಮೂರು ಲಿಪಿಗಳೂ ಬಲದಿಂದ ಎಡಕ್ಕೆ ಬರೆಯುವ ಒಂದು ಲಿಪಿಯೂ ಅದಕ್ಕೆ ತಿಳಿದಿರಬೇಕಾಗುತ್ತದೆ. ದೂರದೇಶದಲ್ಲಿ ಕುಳಿತು ತಂತ್ರಾಂಶ ರಚಿಸುವವನಿಗೆ ಔರಾದಿನ ಓದುಗನ ಈ ಅಗತ್ಯ ತಾನಾಗಿಯೇ ಹೊಳೆಯುವ ಸಂಭವ ಕಡಿಮೆ. ಮೂಲಕರ್ತೃ ಬಿಟ್ಟದ್ದನ್ನು ಅನ್ಯರಾರಾದರೂ ಪೂರೈಸಬೇಕು. ಹಾಗೆ ಪೂರೈಸಿದ ಭಾಗಕ್ಕೆ 'ವಿಸ್ತರಣೆ' ಎಂದು ಹೆಸರು. ಹೊರಗಿನವರು ತಂದು ಸೇರಿಸಿದ ಈ ಭಾಗಗಳನ್ನು ಒಂದು ಮುಕ್ತ ತಂತ್ರಾಂಶ ಹೇಗೆ ಕಾಪಾಡಿಕೊಳ್ಳಬೇಕು ಎಂಬುದು ಇಂದಿನ ವಿಚಾರ.

ಮುಕ್ತ ತಂತ್ರಾಂಶವೆಂದರೆ ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ಕರಾರಿನ ಮೇಲೆ ಲೋಕಕ್ಕೆ ಬಿಟ್ಟುಕೊಟ್ಟದ್ದು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಇಂಥದೊಂದು. ವೆಬ್ ಪುಟಗಳನ್ನು ನೋಡಲು ಬಳಸುವ ಫೈರ್‌ಫಾಕ್ಸ್ ಮತ್ತೊಂದು. ತಿದ್ದಬಹುದು ಎಂದ ಮಾತ್ರಕ್ಕೆ ಪ್ರತಿಯೊಬ್ಬನೂ ಮೂಲವನ್ನೇ ಒಡೆಯುತ್ತ ಕೂತರೆ ಮನೆ ನಿಲ್ಲಲಾರದು. ಆದುದರಿಂದ ನಿರ್ಮಾಪಕರು ಹಳೆಯ ಮನೆಗಳ ಗೋಡೆಯಲ್ಲಿ ಗೂಡು ಬಿಡುವಂತೆ, ತಂತ್ರಾಂಶದಲ್ಲಿಯೂ ಅಲ್ಲಲ್ಲಿ ಎಡೆ ಬಿಟ್ಟಿರುತ್ತಾರೆ. ಆ ಗೂಡಿನಲ್ಲಿ ನೀವು ದೀಪವಿಡಬಹುದು, ಪುಸ್ತಕವಿಡಬಹುದು, ಗೋಡೆಗೆ ಧಕ್ಕೆಯಿಲ್ಲ. ವಿಸ್ತರಣೆಯ ತತ್ತ್ವ ಇಷ್ಟೇ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸಮಸ್ಯೆ ಹೊಸದಲ್ಲ. ನಮ್ಮ ಓಲೆಗರಿಗಳ ಕಾಲದಲ್ಲಿ ಕೃತಿಯೊಂದು ಲಿಪಿಕಾರನಿಂದ ಲಿಪಿಕಾರನಿಗೆ ಸಾಗುವಾಗ ಪರರ ಪದ್ಯಗಳು ಒಳಗೆ ಸೇರಿಕೊಳ್ಳುತ್ತಿದ್ದವು. ಅದನ್ನು ಪ್ರಕ್ಷೇಪವೆಂದೆವು, ಬೇರ್ಪಡಿಸಲು ವಿದ್ವಾಂಸರು ಆಯುಷ್ಯವನ್ನೇ ಸವೆಸಿದರು. ಇದಕ್ಕೆ ಪ್ರತಿಯಾಗಿ ಶೂನ್ಯಸಂಪಾದನೆಯನ್ನು ನೋಡಿ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ—ಈ ನಾಲ್ವರು ಒಂದೇ ವಸ್ತುವನ್ನು ಮತ್ತೆ ಮತ್ತೆ ಸಂಪಾದಿಸಿದರು. ಅಲ್ಲಿ ಯಾರ ಪರಿಷ್ಕರಣ ಯಾವುದೆಂಬುದು ಅವರವರ ಹೆಸರಿನಲ್ಲಿಯೇ ನಿಂತಿದೆ. ಎರಡೂ ಕಡೆ ಪರರ ಕೈ ಆಡಿದೆ. ಆದರೆ ಒಂದರಲ್ಲಿ ಹೊಣೆಗಾರನಿಲ್ಲ, ಇನ್ನೊಂದರಲ್ಲಿ ಇದ್ದಾನೆ. ವಿಸ್ತರಣೆಗಳ ನಿರ್ವಹಣೆಯೆಂದರೆ ಈ ಹೊಣೆಯನ್ನು ಗೊತ್ತುಮಾಡುವ ಕೆಲಸವೇ.

ಕನ್ನಡಕ್ಕೆ ಸಂಬಂಧಿಸಿದ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಕನ್ನಡ ವಿಕಿಪೀಡಿಯ ಆರಂಭವಾದದ್ದು ೨೦೦೩ರಲ್ಲಿ. ಆದರೆ ಓದುಗನ ಗಣಕದಲ್ಲಿ ಕನ್ನಡ ಕೀಲಿಮಣೆಯ ವ್ಯವಸ್ಥೆಯಿಲ್ಲದಿದ್ದರೆ ಅಲ್ಲಿ ಬರೆಯುವುದು ಹೇಗೆ? ಈ ಕೊರತೆಯನ್ನು ನೀಗಿದ ವಿಸ್ತರಣೆಗಳಲ್ಲಿ 'ನಾರಾಯಂ' ಎಂಬುದೊಂದು. ಮಲಯಾಳಂ ಬರಹಗಾರರ ಅಗತ್ಯದಿಂದ ಹುಟ್ಟಿದ ಅದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಒದಗಿತು. ೨೦೧೩ರಲ್ಲಿ ಅದರ ಜಾಗಕ್ಕೆ ಭಾಷೆಯ ಆಯ್ಕೆ, ಅಕ್ಷರರೂಪ, ಕೀಲಿಮಣೆ ಮೂರನ್ನೂ ಒಟ್ಟುಗೂಡಿಸಿದ ಹೊಸ ವಿಸ್ತರಣೆ ಬಂದಿತು. ಇದರಲ್ಲಿ ಕನ್ನಡಕ್ಕೆ ಲಿಪ್ಯಂತರಣವೂ ಇದೆ, ಇನ್‌ಸ್ಕ್ರಿಪ್ಟೂ ಇದೆ, ಕೆ. ಪಿ. ರಾವ್ ಅವರ ವಿನ್ಯಾಸವೂ ಇದೆ. ಹಳೆಯದು ನಿವೃತ್ತವಾಯಿತು, ಆದರೆ ಕನ್ನಡ ಬರೆಯುವವನ ಕೈ ನಿಲ್ಲಲಿಲ್ಲ. ಹೊಸದು ಸಿದ್ಧವಾದ ಮೇಲೆಯೇ ಹಳೆಯದನ್ನು ತೆಗೆದಿಟ್ಟದ್ದು ಇದಕ್ಕೆ ಕಾರಣ.

ಎಲ್ಲ ಕಡೆ ಹೀಗಾಗುವುದಿಲ್ಲ. ಫೈರ್‌ಫಾಕ್ಸಿನ ಹಳೆಯ ವಿಸ್ತರಣೆಗಳಿಗೆ ಗೂಡಿನ ಮಿತಿಯಿರಲಿಲ್ಲ. ಅವು ತಂತ್ರಾಂಶದ ಒಳಗಿನ ಯಾವ ಭಾಗವನ್ನಾದರೂ ಮುಟ್ಟಬಹುದಾಗಿತ್ತು. ಪರಿಣಾಮವೆಂದರೆ, ನಿರ್ಮಾಪಕರು ಒಳಗಿನ ಒಂದು ಕಂಬ ಬದಲಿಸಿದರೂ ಯಾರದೋ ವಿಸ್ತರಣೆ ಮುರಿದುಬೀಳುತ್ತಿತ್ತು. ಕೊನೆಗೆ ೨೦೧೭ರ ನವೆಂಬರಿನಲ್ಲಿ ಬಂದ ೫೭ನೆಯ ಆವೃತ್ತಿಯಲ್ಲಿ ಹಳೆಯ ಪದ್ಧತಿಯನ್ನೇ ಕೈಬಿಟ್ಟರು. ಹೊಸ ಪದ್ಧತಿಗೆ ತಮ್ಮ ಕೃತಿಯನ್ನು ಹೊಂದಿಸಿಕೊಟ್ಟವರು ಉಳಿದರು. ಕರ್ತೃ ಎಂದೋ ಬಿಟ್ಟುಹೋಗಿದ್ದ ವಿಸ್ತರಣೆಗಳು ಒಂದೇ ದಿನದಲ್ಲಿ ನಿರುಪಯುಕ್ತವಾದವು. ಇದರಿಂದ ನಿರ್ವಹಣೆಯ ಮೊದಲ ನಿಯಮ ಹೊರಡುತ್ತದೆ: ಗೂಡುಗಳಾವುವು, ಅವು ಎಲ್ಲಿಯವರೆಗೆ ಬದಲಾಗದೆ ಇರುತ್ತವೆ ಎಂಬುದನ್ನು ಯಜಮಾನ ಮುಂಚಿತವಾಗಿ ಹೇಳಬೇಕು, ತನ್ನ ಕೃತಿ ಯಾವ ಆವೃತ್ತಿಗೆ ಒಗ್ಗುತ್ತದೆಂಬುದನ್ನು ವಿಸ್ತಾರಕ ಸ್ಪಷ್ಟವಾಗಿ ಬರೆದಿಡಬೇಕು. ಮೀಡಿಯಾವಿಕಿಯ ವಿಸ್ತರಣೆಗಳಲ್ಲಿ ಇದಕ್ಕಾಗಿಯೇ ಒಂದು ವಿವರಪತ್ರವಿರುತ್ತದೆ.

ಎರಡನೆಯದು ಅಂಕಿತ. ವಚನಕ್ಕೆ ಅಂಕಿತವಿದ್ದಂತೆ ವಿಸ್ತರಣೆಗೂ ಒಂದು ಮುದ್ರೆಯಿರಬೇಕು. ಗಣಕದ ಮುದ್ರೆಯ ವಿಶೇಷವೇನೆಂದರೆ, ಬರಹದಲ್ಲಿ ಒಂದಕ್ಷರ ಬದಲಾದರೂ ಅದು ಹೊಂದಿಕೆಯಾಗುವುದಿಲ್ಲ. ೨೦೧೬ರಿಂದ ಫೈರ್‌ಫಾಕ್ಸ್ ತನ್ನ ಸಾಮಾನ್ಯ ಆವೃತ್ತಿಯಲ್ಲಿ ಮುದ್ರೆಯಿಲ್ಲದ ವಿಸ್ತರಣೆಗಳನ್ನು ಒಪ್ಪುವುದಿಲ್ಲ. ಆದರೆ ಮುದ್ರೆ ಒತ್ತುವವನೂ ಎಚ್ಚರವಾಗಿರಬೇಕು. ೨೦೧೯ರ ಮೇ ೪ರಂದು ಆ ಮುದ್ರೆಗಳಿಗೆ ಆಧಾರವಾಗಿದ್ದ ಪ್ರಮಾಣಪತ್ರವೊಂದರ ಅವಧಿ ಮುಗಿದು, ಲೋಕದಾದ್ಯಂತ ಜನರ ವಿಸ್ತರಣೆಗಳು ಸುಮ್ಮನೆ ನಿಂತುಹೋದವು. ಕಾವಲುಗಾರನ ಮರೆವು ಕಳ್ಳನಷ್ಟೇ ನಷ್ಟ ಮಾಡಬಲ್ಲದು.

ಮುದ್ರೆ ಯಾರದೆಂದು ಹೇಳುತ್ತದೆ. ಒಳಗಿರುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದಿಲ್ಲ. ಆದುದರಿಂದ ಮೂರನೆಯದು ಪರಿಶೀಲನೆ. ವಿಕಿಪೀಡಿಯದಂಥ ತಾಣಗಳಲ್ಲಿ ವಿಸ್ತರಣೆಯೊಂದನ್ನು ಅಳವಡಿಸುವ ಮುನ್ನ ಅದರ ಮೂಲಬರಹವನ್ನು ಮತ್ತೊಬ್ಬರು ಓದಿ, ಸುರಕ್ಷಿತವೆಂದು ಒಪ್ಪಬೇಕು. ಇದರಿಂದ ತಡವಾಗುತ್ತದೆ, ಕರ್ತೃವಿಗೆ ಬೇಸರವೂ ಆಗುತ್ತದೆ. ಆದರೂ ಲಕ್ಷಾಂತರ ಜನ ಬಳಸುವ ಸ್ಥಳದಲ್ಲಿ ಈ ತಡ ಅನಿವಾರ್ಯ.

ನಾಲ್ಕನೆಯದೂ ಹೆಚ್ಚು ಮರೆತುಹೋಗುವುದೂ ಉತ್ತರಾಧಿಕಾರ. ವಿಸ್ತರಣೆಯ ಕರ್ತೃ ಬಹುಮಟ್ಟಿಗೆ ಬಿಡುವಿನ ವೇಳೆಯಲ್ಲಿ, ಪ್ರೀತಿಯಿಂದ ಕೆಲಸ ಮಾಡುವವನು. ಅವನಿಗೆ ನೌಕರಿ ಬದಲಾಗುತ್ತದೆ, ಸಂಸಾರ ಬೆಳೆಯುತ್ತದೆ, ಆರೋಗ್ಯ ಕೆಡುತ್ತದೆ. ಆಗ ಅವನ ಕೃತಿ ಯಾರ ಕೈಗೆ ಹೋಗಬೇಕು? ವೆಬ್ ತಾಣಗಳನ್ನು ಕಟ್ಟಲು ಬಳಸುವ ವರ್ಡ್‌ಪ್ರೆಸ್ಸಿಗೆ 'ಡಿಸ್‌ಪ್ಲೇ ವಿಜೆಟ್ಸ್' ಎಂಬ ವಿಸ್ತರಣೆಯಿತ್ತು; ೨ ಲಕ್ಷದಷ್ಟು ತಾಣಗಳು ಅದನ್ನು ನಂಬಿದ್ದವು. ೨೦೧೭ರಲ್ಲಿ ಅದು ಮಾರಾಟವಾಗಿ ಹೊಸ ಒಡೆತನಕ್ಕೆ ಹೋದ ಬಳಿಕ ಅದರೊಳಗೆ ಗುಟ್ಟಾದ ಹಿಂಬಾಗಿಲು ಸೇರಿಕೊಂಡಿತು. ಕೊನೆಗೆ ಅದನ್ನು ಅಧಿಕೃತ ಭಂಡಾರದಿಂದ ತೆಗೆದುಹಾಕಬೇಕಾಯಿತು. ಹೆಸರು ಹಳೆಯದೇ, ನಂಬಿಕೆಯೂ ಹಳೆಯದೇ. ಕೈ ಮಾತ್ರ ಬೇರೆ. ಒಡೆತನ ಬದಲಾದಾಗ ಅದನ್ನು ಬಳಕೆದಾರರಿಗೆ ತಿಳಿಸುವುದೂ ಹೊಸದಾಗಿ ಪರೀಕ್ಷಿಸುವುದೂ ಯೋಜನೆಯ ಕರ್ತವ್ಯ. ಕರ್ತೃವಿಲ್ಲದ ವಿಸ್ತರಣೆಯನ್ನು 'ಪೋಷಕರಿಲ್ಲ' ಎಂದು ಬಹಿರಂಗವಾಗಿ ಗುರುತಿಸಿಡುವುದೂ ಅಷ್ಟೇ ಅಗತ್ಯ.

ಇದೆಲ್ಲ ಎಂಜಿನಿಯರರ ಚಿಂತೆ, ಸಾಹಿತ್ಯದವರಾದ ನಮಗೇಕೆ ಎಂದು ಕೇಳಬಹುದು. ಇಂಗ್ಲಿಷ್ ಬಳಸುವವನಿಗೆ ವಿಸ್ತರಣೆಯೊಂದು ನಿಂತರೆ ಒಂದು ಅನುಕೂಲ ಹೋಗುತ್ತದೆ. ಕನ್ನಡದವನಿಗೆ ಕೀಲಿಮಣೆ, ನಿಘಂಟು, ಕಾಗುಣಿತದ ತಪ್ಪು ತೋರಿಸುವ ಸಾಧನ ಇವು ಅನೇಕ ವೇಳೆ ಹೊರಗಿನವರ ಸೇರ್ಪಡೆಯಾಗಿಯೇ ಬರುತ್ತವೆ. ಅಂಥದು ನಿಂತರೆ ಆ ತಂತ್ರಾಂಶದಲ್ಲಿ ಭಾಷೆಯೇ ನಿಲ್ಲುತ್ತದೆ.

ಪರರ ಚೌಕಟ್ಟಿನೊಳಗೆ ಕನ್ನಡವನ್ನು ಉಳಿಸಿಕೊಳ್ಳುವುದು ನಮ್ಮ ಜಿಲ್ಲೆಗೆ ಹೊಸ ಅನುಭವವಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಸೀಮೆ ಮರೆತಿಲ್ಲ. ಆ ಫಲಕದ ಉಪಾಯ ದೊಡ್ಡದು ನಿಜ. ಆದರೆ ಪ್ರತಿದಿನ ಒಳಗೆ ಕುಳಿತು ಪಾಠ ಹೇಳುವವರಿದ್ದುದರಿಂದಲೇ ಅದು ಫಲಿಸಿತು.

ಇಂದಿಗೂ ಬೇಕಾದದ್ದು ಅಂಥ ನಿತ್ಯದ ಕೆಲಸವೇ. ಮೀಡಿಯಾವಿಕಿಯ ವಿಸ್ತರಣೆಗಳಲ್ಲಿ ಕಾಣುವ ಸೂಚನೆಗಳನ್ನು ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಸ್ವಯಂಸೇವಕರು ಕನ್ನಡಿಸುತ್ತಾರೆ. ಅದಕ್ಕೆ ಗಣಕವಿದ್ಯೆ ಬೇಕಿಲ್ಲ, ಒಳ್ಳೆಯ ಕನ್ನಡ ಬೇಕು. ಹೊಸ ಆವೃತ್ತಿ ಬಂದಾಗ ಒತ್ತಕ್ಷರ ಸರಿಯಾಗಿ ಮೂಡುತ್ತದೆಯೇ, ಅರ್ಕಾವೊತ್ತು ತಪ್ಪುತ್ತದೆಯೇ ಎಂದು ನೋಡಿ ಕರ್ತೃವಿಗೆ ಬರೆಯುವುದಕ್ಕೂ ಸಾಹಿತ್ಯದ ವಿದ್ಯಾರ್ಥಿಯೇ ಅರ್ಹ. ಬೀದರ, ಭಾಲ್ಕಿ, ಔರಾದಗಳ ಕಾಲೇಜುಗಳಲ್ಲಿ ವರ್ಷಕ್ಕೆ ಇಬ್ಬರು ಮೂವರು ತರುಣರು ಇಂಥ ಒಂದೊಂದು ವಿಸ್ತರಣೆಯನ್ನು ಆರಿಸಿಕೊಂಡು ನೋಡಿಕೊಂಡರೂ ಸಾಕು. ಮೊದಲ ಕರ್ತೃ ದಣಿದ ದಿನ ಕೆಲಸವನ್ನು ತಿಳಿದವರೊಬ್ಬರು ಪಕ್ಕದಲ್ಲಿರುತ್ತಾರೆ.